ಪರ್ಷಿಯಾದ ದೀಪಕ್ಕೆ ನಾನು ಹಾಕಿದ ರಾಗ

ಕರೆಂಟು ಹೋಗಬಹುದಿತ್ತು. ಮೈಕು ಕುಯ್ಯೆಂದು ಕಿರುಚಿ ಮುಂದಿನ ಸಾಲಿನವರೆಲ್ಲ ಕಿವಿ ಮುಚ್ಚಿಕೊಳ್ಳಬಹುದಿತ್ತು. ನನ್ನ ಹೆಂಡತಿ ಗಿರಿಜೆಯ ಗಂಟಲು ಸರಿಯಾಗಿ ಅದೇ ಬೆಳಿಗ್ಗೆ ಕಟ್ಟಬಹುದಿತ್ತು. ಹಾರ್ಮೋನಿಯಂ ತಿದಿಗೆ ಇಲಿ ತೂತು ಕೊರೆದಿರಬಹುದಿತ್ತು. ನಿರೂಪಣೆ ಮಾಡುವ ಹುಡುಗಿ ಇರಾನ್ ಎನ್ನುವ ಬದಲು ಇನ್ಯಾವುದೋ ದೇಶದ ಹೆಸರು ಹೇಳಿ, ಅಲ್ಲಿಂದ ಜಗಳ ಶುರುವಾಗಬಹುದಿತ್ತು. 'ನಮ್ಮ ತಿಪಟೂರಿಗೆ ಪರ್ಷಿಯಾದ ಹಾಡು ಯಾಕ್ರೀ?' ಎಂದು ಹಿಂದಿನಿಂದ ಯಾರಾದರೂ ಎದ್ದು ಕೇಳಬಹುದಿತ್ತು. 'ಅದಿರಲಿ, ರಾಗ ಹಾಕಿದವನು ಯಾವನು?' ಎಂದು ಇನ್ನೊಬ್ಬರು ಕೇಳಿ ನನ್ನನ್ನು ಹುಡುಕಿಕೊಂಡು ಬರಬಹುದಿತ್ತು. ಜನ ಬಾರದೆಯೇ ಇರಬಹುದಿತ್ತು. ಬಂದ ಜನ ಹಸಿವಾಗಿ ಅರ್ಧಕ್ಕೇ ಎದ್ದು ಹೋಗಬಹುದಿತ್ತು. ಸಭಾಂಗಣದ ಪಕ್ಕದ ತೆಂಗಿನ ಮರದಿಂದ ಒಂದು ಕಾಯಿ ಕಳಚಿ, ಹಾಡಿನ ಅತ್ಯಂತ ಕರುಣಾಜನಕ ಸಾಲಿಗೆ ಸರಿಯಾಗಿ, ಛಾವಣಿಯ ಶೀಟಿನ ಮೇಲೆ ಢಮಾರೆಂದು ಬೀಳಬಹುದಿತ್ತು!

ಇಷ್ಟೂ ಆಗಲಿಲ್ಲ. ಆಗಲು ನಾನು ಬಿಡಲಿಲ್ಲ. ಒಂದೊಂದಕ್ಕೂ ಮುಂಜಾಗ್ರತೆ ವಹಿಸಿದ್ದೆ. ಆ ಮರದ ಕಾಯಿಗಳನ್ನೂ ಹಿಂದಿನ ದಿನವೇ ಕೀಳಿಸಿದ್ದೆ. ಆದದ್ದು ಬೇರೆಯೇ ಒಂದು ಸಣ್ಣ ವಿಷಯ. ಅದನ್ನು ಹೇಳುವ ಮೊದಲು ನನ್ನ ನಿರಪರಾಧಿತ್ವವನ್ನು ಓದುಗರ ಮುಂದೆ ಮಂಡಿಸಬೇಕಾಗಿದೆ.

ತಿಪಟೂರಿನಲ್ಲಿ ನನ್ನದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ನಮ್ಮ ಅಂಗಡಿಗೆ ನಗುತ್ತ ಬರುವವರು ಯಾರೂ ಇಲ್ಲ. ಏನೋ ಸುಟ್ಟುಹೋಗಿದ್ದರೆ ಮಾತ್ರ ಬರುತ್ತಾರೆ. ವರ್ಷಗಟ್ಟಲೆ ಸುಟ್ಟ ಕಾಯಿಲ್‌ಗಳನ್ನೇ ನೋಡಿದ ಮನುಷ್ಯನಿಗೆ, ತಿರುಗುತ್ತಿರುವ ಪ್ರತಿಯೊಂದೂ ಇನ್ನೇನು ಸುಟ್ಟುಹೋಗುತ್ತದೆ ಅನ್ನಿಸುವುದು ಸಹಜ. ಈ ಆತಂಕದಿಂದ ಬಿಡುಗಡೆ ಸಿಗುವುದು ವಾರಕ್ಕೊಮ್ಮೆ ಮಾತ್ರ. ಸೋಮವಾರ ಸಂಜೆ ನಮ್ಮ ಬೀದಿಯ ಭಜನಾ ಮಂಡಳಿಗೆ ನಾನು ಹಾರ್ಮೋನಿಯಂ ನುಡಿಸುತ್ತೇನೆ. ಗಿರಿಜೆ ಅದೇ ಮಂಡಳಿಯಲ್ಲಿ ಎರಡನೇ ಸಾಲಿನಲ್ಲಿ ಕೂತು ಹಾಡುತ್ತಾಳೆ. ಅವಳ ದನಿ ಪ್ರತ್ಯೇಕವಾಗಿ ಕೇಳಿಸಬೇಕಾದರೆ ಮುಂದಿನ ಸಾಲಿನವರಿಗೆಲ್ಲ ಒಟ್ಟಿಗೆ ಕೆಮ್ಮು ಬರಬೇಕು.

ಈ ಗಿರಿಜೆ ಬೆಳಿಗ್ಗೆ ವಾಕಿಂಗ್ ಹೋಗುವುದು ಶಾಹೀನಾ ಮೇಡಂ ಜೊತೆಗೆ. ಮೇಡಂ ಉರ್ದು ಟೀಚರಾಗಿದ್ದು ರಿಟೈರ್ ಆದವರು. ಚಿಕ್ಕಂದಿನಲ್ಲಿ ಮನೆಯಲ್ಲೇ ಅವರ ತಾತನಿಂದ ಪಾರಸಿ, ಅಂದರೆ ಪರ್ಷಿಯಾದ ಭಾಷೆ, ಕಲಿತವರು. ಮೊದಮೊದಲು ಇಬ್ಬರೂ ಮಂಡಿನೋವಿನ ಬಗ್ಗೆ ಮಾತಾಡಿಕೊಂಡು ನಡೆಯುತ್ತಿದ್ದರು. ಮಂಡಿನೋವು ಎಷ್ಟು ದಿನ ಬಂದೀತು? ಅದು ಮುಗಿದ ಮೇಲೆ ಮೇಡಂ ಪಾರಸಿ ಹೆಂಗಸರ ಪದ್ಯ ಹೇಳಿ, ಅರ್ಥ ಬಿಡಿಸಿ ಹೇಳತೊಡಗಿದರು. ಒಂದು ಬೆಳಿಗ್ಗೆ ಗಿರಿಜೆ ವಾಕಿಂಗ್ ಮುಗಿಸಿ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ನನ್ನ ಮುಂದೆ ನಿಂತಳು.

"ನೂರಾರು ವರ್ಷದ ಹಿಂದೆ ಪರ್ಷಿಯಾದಲ್ಲಿ ಒಬ್ಬ ಹೆಂಗಸು ಒಂದು ಪದ್ಯ ಬರೆದವ್ಳೆ ಕಣ್ರೀ. ಅವ್ಳ ಹೆಸ್ರು ಕೂಡ ನೆಟ್ಟಗೆ ಉಳಿದಿಲ್ವಂತೆ. ಪದ್ಯ ಮಾತ್ರ ಉಳಿದೈತೆ."

"ಏನಂತೆ ಪದ್ಯ?"

"ಒಬ್ಳು ಹೆಂಗಸು ಸಂಜೆ ಮೇಣದ ಬತ್ತಿ ಹಚ್ಕೊಂಡು ಯಾರನ್ನೋ ಕಾಯ್ತಾ ಕೂತವ್ಳೆ. ಮೊದಲ್ನೇ ಚರಣದಲ್ಲಿ ಬತ್ತಿ ಜೊತೆ ಮಾತಾಡ್ತಾಳೆ. ಎರಡನೇದ್ರಲ್ಲಿ ಬರದೇ ಇದ್ದೋನ್ನ ಬೈತಾಳೆ. ಮೂರನೇದ್ರಲ್ಲಿ ಒಂದು ಬಟ್ಟಲು ದ್ರಾಕ್ಷಾರಸ ಕುಡೀತಾಳೆ. ನಾಕನೇದ್ರಲ್ಲಿ ಬೆಳಗಾಯ್ತದೆ. ಅವ್ಳೇ ಎದ್ದು ಬತ್ತೀನ ಊದಿ, ಕಿಟಕಿ ತೆಗೀತಾಳೆ."

"ಅವನು ಬಂದ್ನಾ?"

"ಇಲ್ಲ."

"ಮತ್ತೆ?"

"ಮತ್ತೇನು ಮತ್ತೆ? ಅದೇ ಪದ್ಯ! ಅವ್ಳ ಬೆಳಗು ಅವ್ಳದು. ನಿಮಗೆ ಎಲ್ಲದ್ರಲ್ಲೂ ಕೊನೆಗೆ ಗಂಡ್ಸು ಬರ್ಲೇಬೇಕಾ?"

ಅವಳು ಆಗಲೇ ನಾಲ್ಕೂ ಚರಣವನ್ನು ಕನ್ನಡದಲ್ಲಿ ಬರೆದಾಗಿತ್ತು. ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಈ ಸಲ ಬೇರೆ ಬೇರೆ ದೇಶದ ಹೆಂಗಸರ ಕವಿತೆಗಳನ್ನು ಕನ್ನಡದಲ್ಲಿ ಹಾಡಬೇಕೆಂದು ತೀರ್ಮಾನವಾಗಿತ್ತು. ಗಿರಿಜೆ ಹೆಸರನ್ನೂ ಕೊಟ್ಟು ಬಂದಿದ್ದಳು. ಒಬ್ಬಳೇ. ಮುಂದಿನ ಸಾಲು ಇಲ್ಲ, ಹಿಂದಿನ ಸಾಲು ಇಲ್ಲ.

"ರಾಗ ನೀವು ಹಾಕ್ಕೊಡಿ. ಚೆನ್ನಾಗೈತೆ ಅಂತ ಯಾರೂ ಅನ್ನೋದು ಬ್ಯಾಡ. ಆ ನಾಕನೇ ಚರಣ ಒಂದನ್ನ ನಮ್ಮೂರ ಹೆಂಗಸ್ರು ಕೂತು ಕೇಳಿಸ್ಕೊಂಡ್ರೆ ನನಗಷ್ಟೇ ಸಾಕು."

ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳು ನನ್ನನ್ನು ಮಿಕ್ಸಿ ರಿಪೇರಿ ಬಿಟ್ಟರೆ ಬೇರೇನೂ ಕೇಳಿದವಳಲ್ಲ. ನಾನು ಎದೆಯುಬ್ಬಿಸಿ, "ಅದೇನ್ ಮಹಾ!" ಎಂದೆ.

ಆತಂಕ ಶುರುವಾದದ್ದು ಅಂದಿನ ಮಧ್ಯಾಹ್ನ. ಮೊದಲನೆಯದು ದ್ರಾಕ್ಷಾರಸ. ಮಹಿಳಾ ಸಮಾಜದ ವೇದಿಕೆಯ ಮೇಲೆ ನನ್ನ ಧರ್ಮಪತ್ನಿ ಕುಡಿಯುವುದೆಂದರೇನು? ಸಂಜೆ ಮೇಡಂ ಮನೆಗೆ ಬಂದಿದ್ದಾಗ ನನ್ನ ತಿದ್ದುಪಡಿಯನ್ನು ಸಭೆಯ ಮುಂದಿಟ್ಟೆ.

"ದ್ರಾಕ್ಷಾರಸ ಇರೋ ಕಡೆ ಎಳನೀರು ಅಂತ ಹಾಕಿದ್ರೆ ಹೇಗೆ? ನಮ್ಮ ಸೀಮೆಗೂ ಹೊಂದುತ್ತೆ."

ಗಿರಿಜೆ ಹಣೆ ಚಚ್ಚಿಕೊಂಡಳು. "ಎಳ್ನೀರು ಕುಡ್ದು ಯಾರ್ರೀ ಸಂಕಟದಲ್ಲಿ ತೂರಾಡ್ತಾರೆ? ಜ್ವರ ಬಂದೋರು ಕುಡೀತಾರೆ ಎಳ್ನೀರ!"

ಮೇಡಂ ಬಹಳ ಸೌಜನ್ಯದಿಂದ ಹೇಳಿದರು: "ಸಾರ್, ಎಳನೀರು ಕುಡಿದ್ರೆ ಆಕೆ ತಂಪಾಗಿ ನಿದ್ದೆ ಮಾಡಿಬಿಡ್ತಾಳೆ. ಪದ್ಯ ಅಲ್ಲಿಗೇ ಮುಗಿದುಹೋಗುತ್ತೆ."

ಆ ಯುದ್ಧದಲ್ಲಿ ನಾನು ಸೋತೆ. ಆದರೆ ಮೇಣದ ಬತ್ತಿಯ ವಿಷಯದಲ್ಲಿ ಜಗ್ಗಲಿಲ್ಲ. ಮೇಣದ ಬತ್ತಿ ಎಂದರೆ ನಮ್ಮೂರಿನವರಿಗೆ ನೆನಪಾಗುವುದು ಕರೆಂಟ್ ಹೋದದ್ದು. ವಿರಹ ಅಲ್ಲ, ವಿದ್ಯುತ್ ಇಲಾಖೆ. ಗಿರಿಜೆ 'ಮೇಣದ ಬತ್ತಿಯೇ ಉರಿ' ಎಂದು ಶುರು ಮಾಡಿದ್ದಳು. ಉರಿ ಎಂದರಂತೂ ನನಗೆ ನೇರವಾಗಿ ಎದೆಯುರಿಯೇ ನೆನಪಾಯಿತು. ಎರಡು ದಿನ ಹಿಂದೆ ಬಿದ್ದು, ಪೀಡಿಸಿ, ಕೊನೆಗೆ ಮೊದಲ ಸಾಲನ್ನು 'ದೀಪವೇ ಬೆಳಗು, ನನ್ನೊಡನೆ ಬೆಳಗು' ಎಂದು ಬದಲಾಯಿಸುವಂತೆ ಮಾಡಿದೆ. ಸೋತವನಿಗೆ ಒಂದು ಸಮಾಧಾನ ಇರಲಿ ಎಂದು ಇಬ್ಬರೂ ಒಪ್ಪಿದರು.

ನಂತರ ರಾಗ. ನಾನು ಫೋನಿನಲ್ಲಿ ಪರ್ಷಿಯಾದ ಸಂಗೀತ ಹುಡುಕಿ ಕೇಳಿದೆ. ಕೇಳಿದಷ್ಟೂ ಹೆದರಿಕೆ ಹೆಚ್ಚಾಯಿತು. ನಮ್ಮ ಹಾರ್ಮೋನಿಯಂನ ಎರಡು ಸ್ವರದ ಮನೆಗಳ ನಡುವೆ ಅವರಿಗೆ ಇನ್ನೊಂದು ಸ್ವರ ಇದೆ. ನನ್ನ ಪೆಟ್ಟಿಗೆಯಲ್ಲಿ ಆ ಜಾಗದಲ್ಲಿ ಇರುವುದು ಧೂಳು. ಎರಡೂ ಮನೆಗಳನ್ನು ಒಟ್ಟಿಗೆ ಒತ್ತಿದರೆ ನಡುವಿನ ಸ್ವರ ಬಂದೀತು ಎಂದು ಒತ್ತಿದೆ. ಪಕ್ಕದ ಮನೆ ಪುಟ್ಟತಾಯಮ್ಮನವರ ಹಸು ಮೇವು ಬಿಟ್ಟು ತಲೆಯೆತ್ತಿ ನೋಡಿತು. ಮೇಡಂ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ ಸಾರ್. ಹಾವು ಬುಟ್ಟಿಯಿಂದ ಹೊರಗೆ ಬಂತಾ?" ಎಂದರು.

ಎರಡನೇ ಪ್ರಯತ್ನ ಖವ್ವಾಲಿ ಶೈಲಿಯಲ್ಲಿ. ನಾನೇ ಚಪ್ಪಾಳೆ ತಟ್ಟಿ, ನಾನೇ 'ವಾಹ್ ವಾಹ್' ಎಂದು ಕೂಗಿ, ಬೆವರಿ ನಿಂತೆ. ಈ ಸಲ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಸಾರ್, ಆಕೆ ಕೋಣೆಯಲ್ಲಿ ಒಬ್ಬಳೇ ಕೂತಿದಾಳೆ. ಈ ಚಪ್ಪಾಳೆ ತಟ್ತಾ ಇರೋರೆಲ್ಲ ಯಾರು? ಇವರು ಒಳಗೆ ಬಂದಿದ್ದು ಯಾವಾಗ?"

"ಬುಡಿ," ಎಂದಳು ಗಿರಿಜೆ. "ನಾನು ಸುಮ್ನೆ ಓದ್ಬುಡ್ತೀನಿ. ರಾಗ ಬ್ಯಾಡ."

ಆ 'ಬ್ಯಾಡ' ನನ್ನ ಎದೆಗೆ ನಾಟಿತು. ಮುಂದಿನ ಸೋಮವಾರ ಭಜನೆ ಮುಗಿದು, ಎಲ್ಲರೂ ಪ್ರಸಾದ ತೆಗೆದುಕೊಂಡು ಹೊರಟುಹೋದ ಮೇಲೆ, ನಾನು ಒಬ್ಬನೇ ಹಾರ್ಮೋನಿಯಂ ಮುಂದೆ ಕೂತಿದ್ದೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ನಾವು ಮರೆತುಬಿಡುತ್ತೇವೆ. ಅದು ತನ್ನಷ್ಟಕ್ಕೆ ತಾನು ಕೊಬ್ಬರಿಯಾಗುತ್ತದೆ. ಹಾಗೇ ನಾನೂ ರಾಗವನ್ನು ಮರೆತು ಸುಮ್ಮನೆ ಬೆರಳಿಟ್ಟೆ. ಬಂತು! ಹುಡುಕಿದಾಗ ಸಿಗದಿದ್ದ ರಾಗ ತಾನಾಗಿ, ಗಾಂಭೀರ್ಯದಿಂದ, ಒಂದು ಸ್ವರವೂ ತಡವರಿಸದೆ ಬೆರಳಿನಿಂದ ಇಳಿದು ಬಂತು. ಮೊದಲ ಚರಣದ ಮಾತುಗಳು ಅದರಲ್ಲಿ ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಕೂತವು. ಸೃಷ್ಟಿಕ್ರಿಯೆ ಎಂದರೆ ಇದೇ ಇರಬೇಕು ಎಂದು ನನ್ನ ಮೈ ಜುಮ್ಮೆಂದಿತು.

ಕಾಯುವ ಹೆಂಗಸಿನ ಹಾಡಲ್ಲವೇ? ಅದಕ್ಕಾಗಿ ವೇಗವನ್ನು ಬಹಳ ಇಳಿಸಿ, ಎಳೆದೆಳೆದು ಮನೆಯಲ್ಲಿ ನುಡಿಸಿ ತೋರಿಸಿದೆ.

ಗಿರಿಜೆ ತಲೆ ಓರೆ ಮಾಡಿ ಕೇಳಿದಳು. "ಇದನ್ನ ಎಲ್ಲೋ ಕೇಳ್ದಂಗೈತೆ ಕಣ್ರೀ."

"ಒಳ್ಳೇ ರಾಗ ಎಲ್ಲಾ ಹಾಗೇ ಕಣೇ. ಹುಟ್ಟಿದಾಗ್ಲೇ ಪರಿಚಯ ಇರೋ ಹಾಗೆ ಅನ್ಸುತ್ತೆ," ಎಂದು ನಾನು ಕಲೆಯ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಉಪನ್ಯಾಸದ ಭಯಕ್ಕೆ ಅವಳು ಮತ್ತೆ ಆ ಮಾತೆತ್ತಲಿಲ್ಲ. ಅಂತಿಮ ತೀರ್ಪಿಗಾಗಿ ಶಾಹೀನಾ ಮೇಡಂ ಅವರನ್ನು ಕರೆಸಿದೆವು. ಅವರು ಕಣ್ಣು ಮುಚ್ಚಿ ಕೇಳಿ, "ಇದು ಸರಿ ಸಾರ್. ಯಾರನ್ನೋ ಗೌರವದಿಂದ ಕಳಿಸಿಕೊಟ್ಟ ಹಾಗಿದೆ. ಎಲ್ಲಿಂದ ಬಂತು ನಿಮಗೆ?" ಎಂದರು. "ಒಳಗಿನಿಂದ," ಎಂದೆ.

ಮರುದಿನ ಬೆಳಿಗ್ಗೆ ನಾನು ಒಬ್ಬನೇ ಸ್ವಲ್ಪ ಚುರುಕಾಗಿ ಅಭ್ಯಾಸ ಮಾಡುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಪುಟ್ಟತಾಯಮ್ಮ ಕೂಗಿದರು.

"ಏನ್ ಚಂದ್ರಣ್ಣ, ಇಷ್ಟೊತ್ಗೇ ಪೂಜೆ ಮುಗೀತಾ? ನನಗೂ ಒಂಚೂರು ಪ್ರಸಾದ ಮಡಗ್ರಪ್ಪ!"

ನನಗೆ ರೇಗಿಹೋಯಿತು. ನಮ್ಮ ಜನದ ಹಣೆಬರಹವೇ ಇದು! ಹಾರ್ಮೋನಿಯಂ ಕೇಳಿದರೆ ಸಾಕು, ಕೈ ಚಾಚುತ್ತಾರೆ. ದಡಾರನೆ ಕಿಟಕಿ ಮುಚ್ಚಿದೆ. ಅಂದಿನಿಂದ ಹೊರಗಿನವರ ಕಿವಿಗೆ ಒಂದು ಸ್ವರವೂ ಬೀಳಬಾರದೆಂದು ಅಭ್ಯಾಸವನ್ನೆಲ್ಲ ಕಿಬ್ಬನಹಳ್ಳಿ ಹತ್ತಿರದ ನಮ್ಮ ತೋಟದ ಮನೆಗೆ ವರ್ಗಾಯಿಸಿದೆ. ಮಂಡಳಿಯ ಹೆಂಗಸರು ಕೇಳಬಾರದು, ಕೇಳಿದರೆ ಕೊಂಕು ಹುಡುಕುತ್ತಾರೆ ಎಂಬ ಭಯ. ಅಲ್ಲಿ ನಮ್ಮ ಹಾಡನ್ನು ಕೇಳಿದ್ದು ಅಟ್ಟದ ಕಾಯಿಗಳು ಮಾತ್ರ. ಅವು ಏನೂ ಹೇಳಲಿಲ್ಲ.

ಇನ್ನು ಉಳಿದದ್ದು ಆಕ್ಷೇಪಣೆಯ ಭಯ. ಯಾರಾದರೂ ಕೇಳುವ ಮೊದಲೇ ನಾವೇ ಹೇಳಿಬಿಟ್ಟರೆ ಒಳ್ಳೆಯದಲ್ಲವೇ? ಮಹಿಳಾ ಸಮಾಜದ ಅಧ್ಯಕ್ಷೆ ಶಿವಗಂಗಮ್ಮನವರ ಮನೆಗೆ ಹೋದೆ. ಕೊಬ್ಬರಿ ಮಂಡಿಯವರ ಮನೆ. ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೊಬ್ಬರಿ ವಿಂಗಡಿಸುವುದನ್ನು ನೋಡುತ್ತ ಕೂತಿದ್ದರು.

"ಏನ್ ಚಂದ್ರಣ್ಣ, ಬಂದಿದ್ದು?"

"ಏನಿಲ್ಲಮ್ಮ. ಗಿರಿಜೆ ಹಾಡೋ ಹಾಡಲ್ಲಿ ಏನೂ ತಪ್ಪಿಲ್ಲ ಅಂತ ಹೇಳಿ ಹೋಗೋಣ ಅಂತ."

"ತಪ್ಪೈತೆ ಅಂತ ಯಾರಂದ್ರು?"

"ಯಾರೂ ಅಂದಿಲ್ಲ."

"ಮತ್ತೆ?"

"ಅಕಸ್ಮಾತ್ ಅಂದ್ರೆ, ಅಂತ."

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. "ಕೂತ್ಕೊ. ಏನೈತೆ ಅದ್ರಲ್ಲಿ, ಹೇಳು."

ಹೇಳಿದೆ. ದ್ರಾಕ್ಷಾರಸದ ಭಾಗವನ್ನು ಆದಷ್ಟು ಚಿಕ್ಕದಾಗಿ, ಔಷಧಿಯ ಲೆಕ್ಕದಲ್ಲಿ ಹೇಳಿದೆ. ಅವರು ಅದಕ್ಕೆ ಕ್ಯಾರೇ ಅನ್ನಲಿಲ್ಲ. "ಕುಡ್ಕೊಳ್ಳಿ ಬುಡು, ಅವ್ಳ ಸಂಕಟ ಅವ್ಳಿಗೆ," ಎಂದರು. ನಾನು ಹಗುರಾಗಿ, "ಕೊನೆಗೆ ದೀಪ ಊದಿ ಕಿಟಕಿ ತೆಗೀತಾಳೆ, ಅಷ್ಟೇ," ಎಂದೆ.

"ಏನಂದೆ? ದೀಪ ಊದ್ತಾಳಾ?"

ನಾನು ತಣ್ಣಗಾದೆ. ನಮ್ಮ ಕಡೆ ಮನೆಯಲ್ಲಿ ದೀಪ ಆರಿಸು ಎಂದು ಬಾಯಿಬಿಟ್ಟು ಕೂಡ ಹೇಳುವುದಿಲ್ಲ. ಊದುವುದಂತೂ ಶುದ್ಧ ಅಪಶಕುನ. ಮೇಣದ ಬತ್ತಿಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ; ಹುಟ್ಟುಹಬ್ಬಕ್ಕೆ ಮಕ್ಕಳೇ ಊದುತ್ತವೆ. ಅದನ್ನು ದೀಪ ಮಾಡಿದ ಮಹಾನುಭಾವ ನಾನೇ!

"ಮುತ್ತೈದೇರು ಕೂತಿರೋ ಸಭೆಲಿ ದೀಪ ಊದೋ ಹಾಡಾ? ಆ ಚರಣ ತೆಗೆಸು ಚಂದ್ರಣ್ಣ."

"ತೆಗೆಸ್ತೀನಮ್ಮ," ಎಂದು ಕೈ ಮುಗಿದು ಬಂದೆ.

ಮನೆಯಲ್ಲಿ ವಿಷಯ ತಿಳಿಸಿದಾಗ ಗಿರಿಜೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದು ನಿಂತಿತು.

"ಯಾರು ಹೋಗಿ ಕೇಳು ಅಂದಿದ್ರು ನಿಮ್ಮನ್ನ? ಬೀದಿಲಿ ಸುಮ್ನೆ ಮಲ್ಗಿರೋ ನಾಯೀನ ಎಬ್ಬಿಸಿ, ಕಚ್ಚಲ್ಲ ತಾನೇ ಅಂತ ಕೇಳ್ದಂಗಾಯ್ತು! ಆ ಚರಣಕ್ಕೇ ಅಲ್ವೇನ್ರೀ ನಾನು ಹಾಡ್ತಿರೋದು? ಅದಕ್ಕೆ ಕೈ ಹಚ್ಚಿದ್ರೆ ನಿಮ್ಮ ಹಾರ್ಮೋನಿಯಂ ತೋಟದ ಬಾವೀಲಿರ್ತದೆ!"

ಹಿಟ್ಟಿನ ಕೈ ತೊಳೆದು ಅವಳೇ ಶಿವಗಂಗಮ್ಮನವರ ಮನೆಗೆ ಹೋದಳು. ನಾನು ಸುಡುತ್ತಿದ್ದ ರೊಟ್ಟಿಯ ಜೊತೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ತಿರುಗಿ ಬಂದಳು.

"ಹಾಡು ಅಂದ್ರು."

"ಏನ್ ಹೇಳ್ದೆ ಅವ್ರಿಗೆ?"

"ಏನೂ ಹೇಳ್ಲಿಲ್ಲ. ಪದ್ಯ ಓದ್ದೆ. ಕೊನೇ ಚರಣ ಇನ್ನೊಂದ್ಸಲ ಓದು ಅಂದ್ರು. ಆಮೇಲೆ ಹಾಡು ಅಂದ್ರು."

ಇಲ್ಲಿಗೆ ಬುದ್ಧಿವಂತನಾದವನು ಸುಮ್ಮನಾಗುತ್ತಿದ್ದ. ಅಧ್ಯಕ್ಷರು ಒಪ್ಪಿದರು, ಸರಿ, ಉಳಿದ ಮುತ್ತೈದೆಯರು? ಹಾಡಿನ ಅರ್ಥವನ್ನು ಮೊದಲೇ ಹೇಳಿದರೆ ತಾನೇ ದೀಪ ಊದುವ ವಿಷಯ ಗೊತ್ತಾಗುವುದು? ನಿರೂಪಣೆಯ ಹುಡುಗಿಯನ್ನು ಹಿಡಿದು, "ಪರ್ಷಿಯಾ, ಕವಯಿತ್ರಿ, ವಿರಹ, ಏನೂ ಬೇಡಮ್ಮ. ಈಗ ಗಿರಿಜಾ ಅವರಿಂದ ಹಾಡು ಅಂತ ಅಷ್ಟೇ ಹೇಳು," ಎಂದು ಒಪ್ಪಿಸಿದೆ. ಜನ ಸುಸ್ತಾಗುವ ಮೊದಲೇ ಆಗಲೆಂದು ಸ್ವಾಗತ ಭಾಷಣದ ನಂತರ ಮೊದಲನೆಯದಾಗಿ ನಮ್ಮದನ್ನೇ ಇಡಿಸಿದೆ. ಹಸಿದವರು ಎದ್ದು ಹೋಗಬಾರದೆಂದು ಅಡುಗೆಯವರಿಗೆ ಹೇಳಿ ಉಪ್ಪಿಟ್ಟು, ಕೇಸರಿಬಾತು ಬೇಗನೆ ತಯಾರು ಮಾಡಿಸಿದೆ. ತಿಂಡಿ ಇದೆ ಎಂಬುದು ಗೊತ್ತಾದರೆ ಜನ ಕಾಯುತ್ತಾರೆ. ಅದಕ್ಕಾಗಿ ಪಾತ್ರೆಗಳನ್ನು ಹಿಂದಿನ ಬಾಗಿಲಿನಲ್ಲಿ ಕಾಣುವಂತೆ ಇಡಿಸಿದೆ. ಜನರೇಟರ್ ತರಿಸಿದೆ. ಗಿರಿಜೆಗೆ ಮೆಣಸಿನ ಕಷಾಯವನ್ನು ಅವಳು ಅಂಗಲಾಚುವವರೆಗೆ ಕುಡಿಸಿದೆ.

ಸಭಾಂಗಣ ತುಂಬಿತ್ತು. ತುರುವೇಕೆರೆ, ಚಿಕ್ಕನಾಯಕನಹಳ್ಳಿಯಿಂದ ಕೂಡ ಹೆಂಗಸರು ಬಂದಿದ್ದರು. ಭಜನಾ ಮಂಡಳಿಯವರು ಒಂದು ಸಾಲು ಹಿಡಿದಿದ್ದರು. ಮುಂದಿನ ಸಾಲಿನ ನಡುವೆ ಶಾಹೀನಾ ಮೇಡಂ, ಅವರ ಪಕ್ಕದಲ್ಲಿ ಪುಟ್ಟತಾಯಮ್ಮ. ಕರೆಂಟು ಇತ್ತು. ಮೈಕು ಕಿರುಚಲಿಲ್ಲ. ಗಿರಿಜೆ ಹಸಿರು ರೇಷ್ಮೆ ಸೀರೆಯುಟ್ಟು ನಿಂತು, ಕಣ್ಣು ಮುಚ್ಚಿದಳು. ನಾನು ತಿದಿ ಒತ್ತಿದೆ.

ಅಷ್ಟು ಜನರನ್ನು ನೋಡಿ ನನಗೆ ದಿಗಿಲಾಗಿತ್ತು. ದಿಗಿಲಾದ ಬೆರಳು ನನ್ನ ಮಾತು ಕೇಳದೆ ತನಗೆ ಗೊತ್ತಿರುವ ವೇಗದಲ್ಲಿ ಓಡಿತು. ಎಳೆದೆಳೆದು ನುಡಿಸಬೇಕಾದ್ದು ಚುರುಕಾಗಿ, ಠೀವಿಯಿಂದ ಹೊರಟಿತು. ಗಿರಿಜೆ ಬೇರೆ ದಾರಿಯಿಲ್ಲದೆ ಆ ವೇಗಕ್ಕೇ ಹಾಡಿದಳು: 'ದೀಪವೇ ಬೆಳಗು, ನನ್ನೊಡನೆ ಬೆಳಗು...'

ಮೊದಲು ಎದ್ದವರು ಪುಟ್ಟತಾಯಮ್ಮ. ಅವರ ಹಿಂದೆ ಭಜನಾ ಮಂಡಳಿಯ ಇಡೀ ಸಾಲು. ನಂತರ ಸಾಲು ಸಾಲಾಗಿ ಎಲ್ಲರೂ. ಮಂಡಿನೋವಿನವರು ಕುರ್ಚಿ ಹಿಡಿದುಕೊಂಡು ಎದ್ದರು. ಚಪ್ಪಲಿಗಳು ಸರಸರನೆ ಕುರ್ಚಿಯ ಕೆಳಕ್ಕೆ ಸರಿದವು. ಸೆರಗುಗಳು ತಲೆಗೇರಿದವು. ವೇದಿಕೆಯ ಮೇಲೆ ಶಿವಗಂಗಮ್ಮನವರು ಎದ್ದರು; ಅವರು ಎದ್ದದ್ದು ನೋಡಿ ಮುಖ್ಯ ಅತಿಥಿಗಳೂ ಗಾಬರಿಯಿಂದ ಎದ್ದರು. ಮಂಡಳಿಯವರು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟತೊಡಗಿದರು. ಆಹಾ, ಮೊದಲ ಸಾಲಿಗೇ ಎದ್ದುನಿಂತು ಗೌರವ! ಪರ್ಷಿಯಾದಲ್ಲಿ ಎಲ್ಲೋ ಮಣ್ಣಾಗಿ ಹೋದ ಹೆಂಗಸಿಗೆ ನಮ್ಮ ಕೊಬ್ಬರಿ ಸೀಮೆ ಎದ್ದು ನಿಂತು ಕೈ ಮುಗಿಯುತ್ತಿದೆ!

ಮೊದಲ ಚರಣ ಮುಗಿಯಿತು. ಯಾರೋ ಉದ್ಘಾಟನೆಯ ದೀಪದ ಪಕ್ಕದಲ್ಲಿದ್ದ ಗಂಟೆಯನ್ನು ಗಣಗಣ ಬಾರಿಸಿದರು. ಎಲ್ಲರೂ ಎರಡೂ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಿರುಗಿ, ಚಪ್ಪಲಿ ಮೆಟ್ಟಿಕೊಂಡು, ಹಿಂದಿನ ಬಾಗಿಲ ಕಡೆ ಹೊರಟರು.

"ಮುಗೀತಲ್ಲ, ನಡೀರೇ, ಉಪ್ಪಿಟ್ಟು ಬಿಸಿ ಐತೆ."

"ಈ ಸಲ ಭಾಷಣ ಇಲ್ದಂಗೆ ಮಂಗ್ಳಾರತಿ ಮಾಡವ್ರೆ ಕಣೇ. ಪುಣ್ಯಾತ್ಮರು!"

ಮಂಗಳಾರತಿ!

ಆಗ ನನಗೆ ಗೊತ್ತಾಯಿತು. ಯಾವ ರಾಗದಿಂದ ನಾನು ಪ್ರತಿ ಸೋಮವಾರ ಭಜನೆಯನ್ನು ಮುಗಿಸುತ್ತೇನೋ, ಯಾವ ರಾಗ ಕಿವಿಗೆ ಬಿದ್ದರೆ ನಮ್ಮ ಸೀಮೆಯಲ್ಲಿ ಕೂತವರು ಏಳುತ್ತಾರೋ, ಎದ್ದವರು ಪ್ರಸಾದಕ್ಕೆ ಹೊರಡುತ್ತಾರೋ, ಅದೇ ರಾಗ ನನ್ನ 'ಒಳಗಿನಿಂದ' ಬಂದಿತ್ತು. ಮಾತುಗಳೋ, ದೀಪವೇ ಬೆಳಗು! ಇನ್ನೇನು ಬೇಕು? ದೇವರೇ ಬಂದು ಕೂರಿ ಅಂದಿದ್ದರೂ ಯಾರೂ ಕೂರುತ್ತಿರಲಿಲ್ಲ.

ಹಾರ್ಮೋನಿಯಂ ನಿಂತುಹೋಗಿತ್ತು. ಗಿರಿಜೆ ಕಣ್ಣು ಬಿಟ್ಟಳು. ಎದುರಿಗೆ ಖಾಲಿಯಾಗುತ್ತಿರುವ ಕುರ್ಚಿಗಳು. ಬಾಗಿಲಲ್ಲಿ ತಟ್ಟೆಗಳ ಸದ್ದು. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಸುಟ್ಟ ಕಾಯಿಲ್‌ಗಳನ್ನು ನೋಡಿದ್ದೇನೆ, ಅಷ್ಟೇ ಹೇಳಬಲ್ಲೆ. ನಂತರ ಮುಂದಿನ ಸಾಲನ್ನು ನೋಡಿದಳು. ಅಲ್ಲಿ ಶಾಹೀನಾ ಮೇಡಂ ಒಬ್ಬರೇ ಕೂತಿದ್ದರು. ಇಡೀ ಸಭೆಯಲ್ಲಿ ಆ ರಾಗ ಗೊತ್ತಿಲ್ಲದವರು ಅವರೊಬ್ಬರೇ. ಎಲ್ಲರೂ ಯಾಕೆ ಹೋದರು ಎಂದು ತಿರುಗಿ ನೋಡಿ, ಅರ್ಥವಾಗದೆ, ಮತ್ತೆ ಗಿರಿಜೆಯ ಕಡೆ ತಿರುಗಿ, ಕೈ ಮಡಿಚಿಕೊಂಡು, ಕೇಳಲು ಸಿದ್ಧರಾಗಿ ಕೂತಿದ್ದರು.

ಗಿರಿಜೆ ಎರಡನೇ ಚರಣ ಶುರು ಮಾಡಿದಳು. ಹಾರ್ಮೋನಿಯಂ ಇಲ್ಲದೆ. ತನ್ನದೇ ವೇಗದಲ್ಲಿ, ನಿಧಾನವಾಗಿ. ಜೊತೆಗೆ ಪೆಟ್ಟಿಗೆಯೂ ಇಲ್ಲ, ಮಂಡಳಿಯೂ ಇಲ್ಲ; ಅವಳ ದನಿ ಹೇಗಿದೆ ಎಂದು ನಾನು ಮೊದಲ ಬಾರಿ ಕೇಳಿದೆ. ಬರದವನನ್ನು ಬೈದಳು. ದ್ರಾಕ್ಷಾರಸ ಕುಡಿದಳು, ಯಾವ ಆಕ್ಷೇಪಣೆಯೂ ಬರಲಿಲ್ಲ, ಆಕ್ಷೇಪಿಸುವವರೆಲ್ಲ ಕೇಸರಿಬಾತಿನ ಸಾಲಿನಲ್ಲಿದ್ದರು. ನಾಲ್ಕನೆಯದಕ್ಕೆ ಬಂದಾಗ ಪುಟ್ಟತಾಯಮ್ಮ ತಟ್ಟೆ ಹಿಡಿದುಕೊಂಡು, ಬಿಟ್ಟುಹೋಗಿದ್ದ ಕೈಚೀಲಕ್ಕಾಗಿ ಒಳಗೆ ಬಂದವರು, ಬಾಗಿಲಲ್ಲೇ ನಿಂತರು. ಬಾಯಿಗೆ ಹೊರಟಿದ್ದ ಉಪ್ಪಿಟ್ಟು ಅರ್ಧ ದಾರಿಯಲ್ಲಿ ನಿಂತಿತು. ಅವರ ಹಿಂದೆ ಇನ್ನಿಬ್ಬರು ಮೂವರು ಇಣುಕಿದರು. ಗಿರಿಜೆ ದೀಪ ಊದಿದಳು. ಕಿಟಕಿ ತೆಗೆದಳು. ಮುಗಿಸಿದಳು.

ಮೇಡಂ ಚಪ್ಪಾಳೆ ತಟ್ಟಲಿಲ್ಲ. ಎದ್ದು ವೇದಿಕೆಯ ಹತ್ತಿರ ಬಂದು ಗಿರಿಜೆ ಕೈ ಹಿಡಿದುಕೊಂಡರು. ಪುಟ್ಟತಾಯಮ್ಮ ಮಾತ್ರ ಬಾಗಿಲಿನಿಂದಲೇ, "ಕೊನೇಲಿ ಹಾಡ್ದೆಯಲ್ಲ ಗಿರಿಜವ್ವ, ಅದ್ಯಾವುದೇ ಅದು? ಸೋಮವಾರ ಅದನ್ನ ಪೂರ್ತಿ ಹಾಡು, ಕೇಳ್ಬೇಕು," ಎಂದರು.

ಉಳಿದ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳುವಂತಿಲ್ಲ. ತಿಂಡಿ ತಿಂದವರು ತುರುವೇಕೆರೆ ಬಸ್ಸಿಗೆ ಹೊರಟಿದ್ದರು. ಮುಖ್ಯ ಅತಿಥಿಗಳು ಬರೆದುಕೊಂಡು ಬಂದಿದ್ದ ಭಾಷಣವನ್ನು ಮಡಿಚಿ ಜೇಬಿಗಿಟ್ಟುಕೊಂಡರು. ನಾಟಕಕ್ಕೆ ಬಣ್ಣ ಹಚ್ಚಿಕೊಂಡಿದ್ದ ರಾಣಿ ಒಬ್ಬಳು ಕಿರೀಟದೊಡನೆ ಉಪ್ಪಿಟ್ಟು ತಿನ್ನುತ್ತಿದ್ದಳು. ಶಿವಗಂಗಮ್ಮನವರು ನನ್ನನ್ನು ಹತ್ತಿರ ಕರೆದು, "ಅಲ್ಲಪ್ಪ ಚಂದ್ರಣ್ಣ, ದೀಪ ಹಚ್ಚಿ ಇನ್ನೂ ಎಣ್ಣೆ ಬಿಸಿಯಾಗಿಲ್ಲ, ಆಗ್ಲೇ ಮಂಗ್ಳಾರತಿ ಹೊಡುದ್ಬುಟ್ಟೆಯಲ್ಲ!" ಎಂದರು. ಹಿಂದೆ ಜನರೇಟರ್‌ನವನು, "ಸಾರ್, ನನ್ನದು ಒಂದ್ಸಲನಾದ್ರೂ ಆನ್ ಮಾಡ್ಲಾ?" ಎಂದು ಕೇಳುತ್ತಿದ್ದ.

ಮನೆಗೆ ಸ್ಕೂಟರಿನಲ್ಲಿ ಹೊರಟಾಗ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ನಿರೂಪಕಿಯನ್ನು ಬೈದೆ, ಎರಡು ಮಾತು ಪೀಠಿಕೆ ಹೇಳಬಾರದಿತ್ತೇ? ಅಡುಗೆಯವರನ್ನು ಬೈದೆ, ಅಷ್ಟು ಬೇಗ ಯಾರು ಮಾಡು ಅಂದರು? ಜನರನ್ನಂತೂ ಮನಸಾರೆ ಬೈದೆ. ಕವಿತೆ ಯಾವುದು, ಮಂಗಳಾರತಿ ಯಾವುದು ಎಂದು ಗೊತ್ತಿಲ್ಲದ ಜನ! ನಮ್ಮ ಬೀದಿಯ ತಿರುವು ಬಂದಾಗ ಹಿಂದೆ ಕೂತ ಗಿರಿಜೆ ಬಾಯಿ ಬಿಟ್ಟಳು.

"ಜನ ಎದ್ದಿದ್ದು ಬುಡಿ. ಅವ್ರಿಗೇನು ಗೊತ್ತಿತ್ತು?"

"ಏನೂ ಗೊತ್ತಿರ್ಲಿಲ್ಲ! ಅದನ್ನೇ ನಾನೂ ಹೇಳ್ತಿರೋದು!"

"ನೀವ್ಯಾಕ್ರೀ ಎದ್ರಿ?"

ಸ್ಕೂಟರು ಒಂದು ಹಳ್ಳಕ್ಕೆ ಇಳಿದು ಹತ್ತಿತು.

"ನಾನಾ?"

"ಇನ್ಯಾರು? ಗಂಟೆ ಹೊಡ್ದಿದ್ದೇ ತಡ, ಓರೆಗಣ್ಣಲ್ಲಿ ನೋಡ್ತೀನಿ, ನಮ್ಮ ರಾಗ ಹಾಕಿದೋರು ಹಾರ್ಮೋನಿಯಂ ಬುಟ್ಟು, ಎದ್ದು, ಕಣ್ ಮುಚ್ಕೊಂಡು, ಕೈ ಮುಗ್ದು ನಿಂತ್ಬುಟ್ರಲ್ಲ! ಅಷ್ಟೇ ಅಲ್ಲ, ಆರತಿ ತಗೊಳ್ಳಾಕೆ ನನ್ ಕಡೀಕೆ ಕೈ ಬೇರೆ ಚಾಚಿದ್ರಿ!"

ಚಾಚಿದ್ದೆ.